ಮೂರನೆಯ ಫೇಡರ್

ಮೂರನೆಯ ಫೇಡರ್ ಮೆಲ್ಲಗೆ ಮೇಲೇರತೊಡಗಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಬೆರಳಗಲದ ಆ ಲೋಹದ ಗುಂಡಿ ತನ್ನ ಸೀಳಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತ ಏರಿತು, ಅರ್ಧ ದಾರಿಯಲ್ಲಿ ನಿಂತಿತು, ಮತ್ತೆ ಏರಿತು. ಏರಿದಷ್ಟೂ ಗಾಯಕಿಯ ದನಿ ಪಿಟೀಲುಗಳ ಗುಂಪಿನಿಂದ ಈಚೆ ಬಂತು. ಹಾಡಿನ ದನಿಗಳನ್ನು ಏರಿಸಿ ಇಳಿಸಿ ಬೆರೆಸುವ ಆ ಫಲಕದ ಮುಂದೆ ತಂಗಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದಳು.

ಫೇಡರನ್ನು ನಡೆಸುತ್ತಿದ್ದವನು ಅಣ್ಣ. ಅವನಿದ್ದದ್ದು ಎರಡು ಗೋಡೆಗಳಾಚೆ, ಮನೆಯ ಹಿಂಬದಿಯ ಕೋಣೆಯಲ್ಲಿ, ತಲೆಯ ಕಡೆ ಎತ್ತರಿಸಿದ ಮಂಚದ ಮೇಲೆ. ಅವನ ಎದೆಯ ಮೇಲೆ ಓರೆಯಾಗಿ ನಿಲ್ಲಿಸಿದ ಟ್ಯಾಬ್ಲೆಟ್ಟಿನಲ್ಲಿ ಇದೇ ಫಲಕದ ಚಿತ್ರವಿತ್ತು. ಅಲ್ಲಿ ಅವನು ಗಾಜಿನ ಮೇಲೆ ಬೆರಳೆಳೆದರೆ ಇಲ್ಲಿ ಮೋಟಾರು ತಿರುಗಿ ನಿಜವಾದ ಫೇಡರ್ ಓಡುತ್ತಿತ್ತು. ಅದು ಎಲ್ಲೆಲ್ಲಿ ಏರಿತು, ಎಲ್ಲೆಲ್ಲಿ ಇಳಿಯಿತು ಎಂಬುದನ್ನೆಲ್ಲ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತಿತ್ತು. ಕಿವಿಗೆ ಹೆಡ್‌ಫೋನು, ದಿಂಬಿನ ಪಕ್ಕ ಸದಾ ತೆರೆದಿರುವ ಒಂದು ಮೈಕು, ಗುಂಡಿ ಒತ್ತಿ ಹಿಡಿದು ಮಾತಾಡುವಷ್ಟು ಬಲ ಅವನ ಕೈಯಲ್ಲಿ ಇರಲಿಲ್ಲವಾದ್ದರಿಂದ. ಈ ಏರ್ಪಾಡನ್ನೆಲ್ಲ ಅವನೇ ಹೇಳಿ ಹೇಳಿ ತಂಗಿಯಿಂದ ಮಾಡಿಸಿದ್ದ. ಮೊದಲ ಸಲ ನೋಡಿದಾಗ ಅತ್ತಿಗೆ ಹಣೆ ಚಚ್ಚಿಕೊಂಡು, "ಬದುಕಿರೋವಾಗ್ಲೇ ದೆವ್ವ ಆಗ್ಬಿಟ್ರಲ್ರೀ!" ಎಂದಿದ್ದಳು. ಅಣ್ಣ ಕೆಮ್ಮು ಬರುವವರೆಗೂ ನಕ್ಕಿದ್ದ.

ಸ್ನಾಯುಗಳಿಗೆ ಮೆದುಳಿನ ಮಾತನ್ನು ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಅವನದು. ಮೊದಲು ಕಾಲು ಹೋಯಿತು, ಆಮೇಲೆ ಎಡಗೈ. ಈಗ ಬಲಗೈ ಹೋಗುತ್ತಿತ್ತು, ನಾಲಿಗೆಯೂ ದಪ್ಪವಾಗುತ್ತಿತ್ತು. ಕಿವಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ, "ಹಾಗಾದ್ರೆ ಕೆಲಸಕ್ಕೇನೂ ತೊಂದ್ರೆ ಇಲ್ಲ ಬಿಡಿ," ಎಂದಿದ್ದ. ಗಾಯಕಿಯ ಹಾಡುಗಳ ಸಂಕಲನದಲ್ಲಿ ಬೆರೆಸಿ ಮುಗಿಸಬೇಕಾದ್ದು ಒಂದೇ ಹಾಡು ಉಳಿದಿತ್ತು. ಅವನನ್ನು ನೋಡಲು ಬಂದ ಆಕೆ ಮಂಚದ ಅಂಚಿನಲ್ಲಿ ಕೂತು, "ಇದನ್ನ ತಂಗಿ ಮುಗಿಸ್ಲಿ ಬಿಡಿ. ಅವಳ ಕೈಯೂ ನಿಮ್ಮ ಕೈಯಿದ್ದ ಹಾಗೇ ಅಲ್ವಾ," ಎಂದಿದ್ದರು. ಅಣ್ಣ ಒಪ್ಪಲಿಲ್ಲ. "ಇದೊಂದು ನಾನೇ ಮುಗಿಸ್ತೀನಮ್ಮಾ. ಆಮೇಲೆ ಅವಳು ಏನಾದ್ರೂ ಮಾಡ್ಕೊಳ್ಳಲಿ."

ತೊಡಕಿದ್ದದ್ದು ಎರಡನೆಯ ಚರಣದ ಕೊನೆಯ ಸಾಲಿನಲ್ಲಿ. ಅಲ್ಲಿ ಗಾಯಕಿಯ ದನಿ ಇಳಿದು ಇಳಿದು ಬರೀ ಉಸಿರಾಗುತ್ತದೆ. ಪಿಟೀಲುಗಳು ಮಾತ್ರ ತುಂಬಿಕೊಳ್ಳುತ್ತ ಹೋಗುತ್ತವೆ. ದನಿ ಇಳಿದಷ್ಟೂ ಫೇಡರ್ ಏರಬೇಕು, ಏರಿದ್ದು ಕೇಳುವವರಿಗೆ ಗೊತ್ತಾಗಲೂಬಾರದು. ಅಣ್ಣ ಹೆಸರು ಮಾಡಿದ್ದೇ ಈ ಕೆಲಸದಲ್ಲಿ. ಆದರೆ ಓರೆ ಗಾಜಿನ ಮೇಲೆ ಬೆರಳನ್ನು ಮೇಲಕ್ಕೊಯ್ಯುವುದೆಂದರೆ ಇಡೀ ಮುಂಗೈಯ ಭಾರವನ್ನು ಎತ್ತಿದಂತೆ. ಆ ಸಾಲಿಗೆ ಬರುವಷ್ಟರಲ್ಲಿ ಅವನ ಕೈ ಸೋತಿರುತ್ತಿತ್ತು. ಬೆರಳು ಮುಕ್ಕಾಲು ದಾರಿ ಹೋಗಿ ಜಾರುತ್ತಿತ್ತು. ಇಲ್ಲಿ ಫೇಡರ್ ದೊಪ್ಪನೆ ಬೀಳುತ್ತಿತ್ತು. ಕೆರೆಗೆ ಬಿದ್ದ ನಾಣ್ಯದಂತೆ ದನಿ ಪಿಟೀಲುಗಳೊಳಗೆ ಮುಳುಗುತ್ತಿತ್ತು.

ಮೊದಲ ಸಲ ಹಾಗಾದಾಗ ತಂಗಿಯ ಕೈ ಯೋಚಿಸದೆಯೇ ಮುಂದೆ ಹೋಗಿತ್ತು. ಚರ್ಮ ತಾಗಿದ್ದನ್ನು ಆ ಲೋಹ ಗುರುತಿಸುತ್ತದೆ; ತಾಗಿದ ಕೂಡಲೇ ಮೋಟಾರು ಪಟ್ಟು ಬಿಟ್ಟು ಬೆರಳಿಗೆ ಶರಣಾಗುತ್ತದೆ. ಅವಳು ಫೇಡರನ್ನು ಹಿಡಿದು, ಅಣ್ಣ ಒಯ್ಯಬೇಕೆಂದಿದ್ದ ಎತ್ತರಕ್ಕೆ ಒಯ್ದಳು. ದನಿ ತೇಲಿತು.

"ಏನಾಯ್ತೇ ಅಲ್ಲಿ? ನಾನು ಎಳೆದಿದ್ದೊಂದು, ಕೇಳ್ತಿರೋದೊಂದು," ಎಂದಿತು ಅಣ್ಣನ ತೊದಲು ದನಿ, ಫಲಕದ ಪಕ್ಕದ ಪುಟ್ಟ ಸ್ಪೀಕರಿನಿಂದ.

"ವೈಫೈ ಕಣಣ್ಣ. ಮಧ್ಯೆ ಮಧ್ಯೆ ಕೈಕೊಡ್ತಿದೆ."

"ಹೂಂ," ಎಂದ ಅವನು. "ಈ ಮನೇಲಿ ಇದೊಂದು ಗೋಳು."

ಆ ಒಂದು ಸುಳ್ಳು ದಿನಗಟ್ಟಲೆ ನಡೆಯಿತು. ಆ ಸಾಲು ಬಂದಾಗಲೆಲ್ಲ ತಂಗಿ ಬೆರಳಿಡುವಳು, ಅವನು ಕೇಳಿದರೆ ವೈಫೈಯನ್ನು ಬೈಯುವಳು. ಸಂಜೆ ಒಬ್ಬಳೇ ಕೂತು ಕೇಳಿದರೆ ಹಾಡು ಚೆನ್ನಾಗಿತ್ತು. ಅವಳು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅತ್ತಿಗೆಯನ್ನು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅತ್ತಿಗೆಗೆ ಯಾವುದನ್ನೂ ಸರಿಮಾಡದೆ ಬಿಟ್ಟು ಗೊತ್ತಿಲ್ಲ. ಒಂದು ಮಧ್ಯಾಹ್ನ ಬರುವಾಗ ಹೊಸ ವೈಫೈ ಡಬ್ಬಿ ಹಿಡಿದುಕೊಂಡೇ ಬಂದಳು. ತಾನೇ ಸ್ಟೂಲು ಹತ್ತಿ ಅಣ್ಣನ ತಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು.

"ಇನ್ಮೇಲೆ ಇದು ಕೈಕೊಟ್ರೆ ನನ್ನ ಕೇಳು," ಎಂದಳು ತಂಗಿಗೆ, ಸೆರಗಿನಿಂದ ಕೈಯೊರೆಸುತ್ತ. "ಅಂಗಡಿಯವನು ಇಡೀ ಕಟ್ಟಡಕ್ಕೇ ಸಾಕಾಗತ್ತೆ ಅಂದ."

"ಒಳ್ಳೇದಾಯ್ತು ಅತ್ತಿಗೆ," ಎನ್ನದೆ ತಂಗಿಗೆ ಬೇರೆ ದಾರಿಯಿರಲಿಲ್ಲ.

ಮತ್ತೆ ಹಾಡು ಹಾಕಿದರು. ಆ ಸಾಲು ಬಂತು, ಫೇಡರ್ ನಡುಗಿ ಜಾರಿತು, ಅವಳ ಬೆರಳು ಮೊದಲಿನಂತೆಯೇ ಮುಂದೆ ಹೋಯಿತು. ಹಾಡು ಮುಗಿದ ಮೇಲೆ ಅಣ್ಣ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುವುದೆಂದು ಹುಡುಕುತ್ತಿದ್ದ ಅವಳಿಗೆ ಆ ಮೌನವೇ ಹೆಚ್ಚು ಕಷ್ಟವಾಯಿತು. "ನೀರು ಕುಡಿದು ಬರ್ತೀನಣ್ಣ," ಎಂದು ಎದ್ದು ಹೋದಳು.

ಲೋಟ ಹಿಡಿದು ಮರಳಿದಾಗ ಪುಟ್ಟ ಸ್ಪೀಕರಿನಲ್ಲಿ ಅತ್ತಿಗೆಯ ದನಿ ಕೇಳುತ್ತಿತ್ತು.

"ಇದೇನ್ರೀ, ಆಗಿನಿಂದ ನೋಡ್ತಿದೀನಿ. ಈ ಟ್ಯಾಬ್ಲೆಟ್ಟಲ್ಲಿ ಆ ಮೂರನೇದರ ಬುಡದಲ್ಲಿ ಒಂದು ಕೆಂಪು ಚುಕ್ಕೆ ಹತ್ಕೊಂಡು ಹತ್ಕೊಂಡು ಆರತ್ತಲ್ಲ?"

"ಅದು ತಂಗಿ ಬೆರಳು."

"ಅಂದ್ರೆ?"

"ಅಲ್ಲಿ ಅವಳು ಮುಟ್ಟಿದ್ರೆ ಇಲ್ಲಿ ಹತ್ಕೊಳತ್ತೆ."

"ಹಾಗಾದ್ರೆ ವೈಫೈ?"

"ವೈಫೈಗೆ ಏನಾಗಿತ್ತು? ಗುಂಡುಕಲ್ಲಿನ ಹಾಗಿತ್ತು."

"ಅಯ್ಯೋ ನಿಮ್ಮ! ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಲಿ ಹೊಸದು ತರಿಸಿ, ಸ್ಟೂಲು ಹತ್ತಿಸಿ..."

"ಏನು ಮಾಡ್ಲಿ. ಅವಳ ಮರ್ಯಾದೆ ಉಳೀಬೇಕಲ್ಲ."

ಅತ್ತಿಗೆ ನಗಲು ಹೋದಳು. ನಗು ನಡುವೆಯೇ ಬೇರೇನೋ ಆಯಿತು. ಮೂಗೊರೆಸಿಕೊಂಡ ಸದ್ದು. "ಬೇಜಾರಾಗಿದ್ರೆ ಹೇಳ್ಬಾರ್ದಾ ಅವಳಿಗೆ? ನೀವೇ ಮಾಡ್ಬೇಕು ಅಂತಿದ್ರಲ್ಲ."

"ನಾನು ಮಾಡಿದ್ರೆ ಬಿದ್ದೋಗತ್ತೆ. ಅವಳು ಮಾಡಿದ್ದು ಚೆನ್ನಾಗಿದೆ." ಒಂದೊಂದು ಮಾತಿಗೂ ಅವನು ನಾಲಿಗೆಯನ್ನು ಎತ್ತಿಡಬೇಕಾಗಿತ್ತು. "ತುಂಬಾ ಚೆನ್ನಾಗಿದೆ ಕಣೇ. ಅದೇ ಬೇಜಾರು."

ತಂಗಿ ಲೋಟವನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು. ಆ ಚುಕ್ಕೆಯ ವಿಷಯ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಇಬ್ಬರು ಒಂದೇ ಫೇಡರಿಗೆ ಕೈಹಾಕಬಾರದೆಂದು ಅಂಥದ್ದೊಂದು ಗುರುತು ಇರುತ್ತದೆಂದು ಅಣ್ಣನೇ ಯಾವತ್ತೋ ಕಲಿಸಿದ್ದ. ಇಷ್ಟು ದಿನವೂ ಅವಳು ಫಲಕದ ಈಚೆಯಿಂದಷ್ಟೇ ನೋಡಿದ್ದಳು. ಆಚೆ ಒಬ್ಬ ಮನುಷ್ಯ ಮಲಗಿಕೊಂಡು, ಅವಳ ಬೆರಳು ಬಿದ್ದಾಗಲೆಲ್ಲ ಕೆಂಪು ಹತ್ತುವುದನ್ನು ನೋಡುತ್ತಿದ್ದ.

ಅವಳು ಕಂಪ್ಯೂಟರಿನಲ್ಲಿ ಮೂರನೆಯ ಫೇಡರಿನ ನೆನಪನ್ನೆಲ್ಲ ಆರಿಸಿ ಅಳಿಸಿದಳು. ಬಳ್ಳಿಯಂತೆ ಏರಿಳಿದಿದ್ದ ಗೆರೆ ನೇರವಾಯಿತು. ಆಮೇಲೆ ಕುರ್ಚಿ ಎಳೆದು ಸದ್ದು ಮಾಡಿದಳು.

"ಬಂದೆ ಅಣ್ಣ. ಇನ್ನೊಂದ್ಸಲ ಮೊದಲಿಂದ ಹೋಗೋಣ್ವಾ? ಮಾಡಿದ್ದನ್ನ ಅಳಿಸಿದೀನಿ."

"ಯಾಕೆ?"

"ನನಗೆ ಸರಿ ಕಾಣ್ಲಿಲ್ಲ."

"ಹೂಂ. ಹಾಕು."

ಹಾಡು ಶುರುವಾಯಿತು. ಮೊದಲ ಚರಣವನ್ನು ಅಣ್ಣ ಚೆನ್ನಾಗಿಯೇ ದಾಟಿಸಿದ. ಎರಡನೆಯದು ಬಂದಾಗ ತಂಗಿ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು. ಗಾಯಕಿಯ ದನಿ ಇಳಿಯತೊಡಗಿತು. ಫೇಡರ್ ಏರಿತು, ನಿಂತಿತು, ಕೂದಲೆಳೆಯಷ್ಟು ಏರಿತು, ಮತ್ತೆ ಅಷ್ಟೇ. ಸ್ಪೀಕರಿನಲ್ಲಿ ಅಣ್ಣ ಉಸಿರು ಬಿಗಿಹಿಡಿದದ್ದು ಕೇಳಿತು. ಆಮೇಲೆ ಫೇಡರ್ ಬಿತ್ತು. ಪಿಟೀಲುಗಳು ಮುಚ್ಚಿಕೊಂಡವು. ಆ ಸಾಲು ಯಾರೂ ಹಾಡಲೇ ಇಲ್ಲವೇನೋ ಎಂಬಂತೆ ಕಳೆದುಹೋಯಿತು. ಅವಳು ಕದಲಲಿಲ್ಲ.

"ನಿಲ್ಸು," ಎಂದ ಅಣ್ಣ.

ನಿಲ್ಲಿಸಿದಳು.

"ಎಲ್ಲಿ ಹೋಗಿತ್ತೇ ಕೈ?"

ಆ ಒಂದು ಮಾತಿನಿಂದಲೇ ಇಬ್ಬರಿಗೂ ಎಲ್ಲ ಗೊತ್ತಾಗಿತ್ತು.

"ಇದು ನಿನ್ನ ಕೆಲಸ ಅಂತ..." ಎಂದಳು. "ನೀನು ಆಯಮ್ಮಂಗೆ ಮಾತು ಕೊಟ್ಟಿದ್ಯಲ್ಲ ಅಣ್ಣ."

"ಕೊಟ್ಟಿದ್ದೆ. ಅದಕ್ಕೇ ಹೇಳ್ತಿರೋದು. ಹಾಡಿರೋದು ಅವರು. ಅವರನ್ನ ಮುಳುಗಿಸಿ ನನ್ನ ಮಾತು ಉಳಿಸ್ಕೋಬೇಕಾ?" ಅವನು ದಣಿದಿದ್ದ, ಉಳಿದದ್ದನ್ನು ಮೊಟಕಾಗಿ ಹೇಳಿದ. "ಹಿಂದಕ್ಕೆ ಹೋಗು. ಆ ಸಾಲು ಬಂದಾಗ ಹಿಡಿ. ಪೆದ್ದಿ."

ಅವಳು ಹಿಂದಕ್ಕೆ ಹೋದಳು. ಕಣ್ಣು ಮಂಜಾಗಿ ಅಂಕಿಗಳು ಕಾಣಲಿಲ್ಲ. ಕಿವಿಯಿಂದಲೇ ಜಾಗ ಹುಡುಕಿದಳು. ಫೇಡರ್ ಎಲ್ಲಿಯವರೆಗೆ ಹೋಗಬಲ್ಲದೋ ಅಲ್ಲಿಯವರೆಗೆ ಬಿಟ್ಟು, ಜಾರುವ ಮೊದಲೇ ಹಿಡಿದಳು. ಮೋಟಾರಿನ ಬಿಗಿ ಸಡಿಲಿ ಲೋಹ ಬೆರಳಿಗೆ ಬಂತು. ಬರೀ ಉಸಿರಾಗಿದ್ದ ಆ ದನಿ ಪಿಟೀಲುಗಳ ಮೇಲೆ ಅಲುಗದೆ ನಿಂತು, ಸಾಲು ಮುಗಿಸಿ, ಪಲ್ಲವಿಗೆ ಮರಳಿತು.

"ಹಾಂ," ಎಂದ ಅಣ್ಣ. ಅವನ ಬಾಯಿಂದ ಅಷ್ಟು ಕೇಳಲು ಅವಳು ವರ್ಷಗಟ್ಟಲೆ ಕಾದದ್ದುಂಟು.

ಇನ್ನು ಉಳಿದದ್ದು ಹಾಡಿನ ಕೊನೆ. ಪಲ್ಲವಿ ಮರುಕಳಿಸುತ್ತಿರುವಾಗಲೇ ಎಲ್ಲ ಸದ್ದೂ ಒಟ್ಟಿಗೆ ಕರಗಿ ಇಲ್ಲವಾಗಬೇಕು. ಅದಕ್ಕೆಂದು ತಂಗಿಯ ಕೈ ಬಲತುದಿಯ ದೊಡ್ಡ ಫೇಡರಿನತ್ತ ಹೋಯಿತು.

"ಅದು ಬಿಡು," ಎಂದ ಅಣ್ಣ. "ಇಳಿಸೋದು ಬರತ್ತೆ ನಂಗೆ."

ಅವಳು ಕೈ ತೆಗೆದಳು. ಇಳಿಸುವುದಕ್ಕೆ ಕೈಯ ಭಾರವೊಂದೇ ಸಾಕು. ದೊಡ್ಡ ಫೇಡರ್ ಇಳಿಯತೊಡಗಿತು; ಒಂದೆಡೆ ತಡೆಯಿತು, ಒಂದೆಡೆ ಸ್ವಲ್ಪ ಬೇಗ ಜಾರಿತು, ಮತ್ತೆ ನಿಧಾನವಾಯಿತು. ಪಿಟೀಲುಗಳು ದೂರ ಸರಿದವು, ದನಿ ದೂರ ಸರಿಯಿತು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದದ್ದು ಕೇಳಿಸತೊಡಗಿತು. ಫೇಡರ್ ಸೀಳಿನ ತಳ ಮುಟ್ಟಿತು. ಆಚೆ ಗಾಜಿನ ಮೇಲೆ ಅಣ್ಣನ ಬೆರಳು ಇನ್ನೂ ಕೆಳಕ್ಕೆ ಒತ್ತುತ್ತಲೇ ಇತ್ತು; ತಳ ಮುಟ್ಟಿದ ಮೇಲೂ ಫೇಡರಿನ ಮೋಟಾರು, ಇನ್ನೂ ಕೆಳಗೆ ಜಾಗವಿದೆಯೇನೋ ಎಂಬಂತೆ, ಸಣ್ಣಗೆ ಗುಂಯ್‌ಗುಡುತ್ತಲೇ ಇತ್ತು.