ಎರಡು ಸಲ ಬಂದ ಸಾಲು

"ಫ್ರೆಂಚ್ ಬರುತ್ತೆ, ಕನ್ನಡ ಬರುತ್ತೆ, ಸರಿ. ಹಸು ಬರುತ್ತಾ?"

ನಮ್ಮ ಅನುವಾದ ಕಚೇರಿಗೆ ದನದ ಕಾಗದ ಬಂದು, ಹೊಸ ಅನುವಾದಕರಿಗೆ ಫೋನ್ ಮಾಡಿದಾಗಲೆಲ್ಲ ನಾನು ಕೇಳುವ ಪ್ರಶ್ನೆ ಇದು. ಅವತ್ತು ಹನ್ನೊಂದು ಜನರನ್ನು ಕೇಳಿದ್ದೆ. ಒಬ್ಬ ಮಹಾಶಯ, "ಹಾಲು ಕುಡೀತೀನಿ ಮೇಡಂ, ಸಾಕಾ?" ಅಂದ. ಮೈಯೆಲ್ಲ ಉರಿದುಹೋಯಿತು. ನಮ್ಮ ಖಾಯಂ ಅನುವಾದಕರು, ನಿವೃತ್ತ ಪಶುವೈದ್ಯರು, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಹಸುವಿನ ಕೆಚ್ಚಲಿಗೆ ಹಾಕುವ ಔಷಧಿಯ ಡಬ್ಬಿಯಲ್ಲಿಡುವ ಸೂಚನೆ ಚೀಟಿ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು.

"ಪಂಡಿತರಿಗೆ ಕೊಟ್ಟು ಕೈ ತೊಳ್ಕೊಳ್ಳಿ" ಎಂದರು ಮ್ಯಾನೇಜರ್.

ಪಂಡಿತರು ನಮ್ಮಲ್ಲಿ ಕಾದಂಬರಿ ಅನುವಾದಿಸುವವರು. ಹಸುವನ್ನು ಚಿತ್ರದಲ್ಲಿ ನೋಡಿದ್ದರೆ ಹೆಚ್ಚು. ಎರಡೇ ಗಂಟೆಯಲ್ಲಿ ಮಾಡಿ ಕಳಿಸಿದರು. ಓದಲು ನೀರು ಕುಡಿದಷ್ಟು ಸಲೀಸು. ಅಂಚಿನಲ್ಲಿ ಒಂದು ಟಿಪ್ಪಣಿ: 'ಒಂದೇ ಮಾತು ಎರಡು ಸಲ ಬಂದಿದೆ, ಒಂದನ್ನು ತೆಗೆದಿದ್ದೇನೆ.' ನಾನು ಅದಕ್ಕೆ ಸರಿ ಗುರುತು ಹಾಕಿದೆ.

ದನದ ಕಾಗದ ಯಾವುದೇ ಬರಲಿ, ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿಯೇ ಕಳಿಸುವುದು ನನ್ನ ರೂಢಿ. ಅವಳು ದಿನಾ ಒಂಬತ್ತು ಹಸು ಕರೆಯುವವಳು. ಅವತ್ತು ಓದಲಿಲ್ಲ. ಹೊತ್ತಾಗಿತ್ತು, ಹಸಿವಾಗಿತ್ತು, ನೆಪಕ್ಕೇನು ಬರ! ಆಮೇಲೆ ಮಾತ್ರ, "ಆ ಚೀಟಿ ನನ್ನ ಕೆಲಸ ಕಣಕ್ಕಾ" ಎಂದು ಜಂಬ ಕೊಚ್ಚಿದ್ದೆ.

ನಾಲ್ಕು ತಿಂಗಳ ಮೇಲೆ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಮೊಮ್ಮಗೂಗೆ ಮುಖವೆಲ್ಲ ಊದ್ಕೊಂಡಿದೆ ಕಣೇ, ಉಸಿರು ಕಟ್ತಿದೆ. ಹಾಲಲ್ಲಿ ಔಷಧಿ ಇತ್ತಂತೆ."

"ಚೀಟಿ ನೋಡ್ಲಿಲ್ವಾ ಅಕ್ಕಾ?"

"ನೋಡ್ದೆ. ಹಾಕಿದ್ಮೇಲೆ ಆರು ದಿನ ಹಾಲು ಬಳಸಬೇಡಿ ಅಂತಿತ್ತು. ಗಬ್ಬದ ಹಸು, ಹಾಲು ಬತ್ತಿದ್ದಾಗ ಹಾಕಿದ್ದು. ಕರು ಹಾಕೋ ಹೊತ್ತಿಗೆ ಎರಡು ತಿಂಗಳಾಗಿತ್ತಲ್ಲ! ಕರು ಹಾಕಿದ ನಾಲ್ಕನೇ ದಿನ ಮಗೂಗೆ ಹಾಲು ಕುಡಿಸ್ದೆ."

ಫ್ರೆಂಚ್ ಮೂಲ ತೆಗೆಸಿದೆ. ಔಷಧಿ ಹಾಕಿದ ಮೇಲೆ ಆರು ದಿನ ಹಾಲು ಬಳಸಬೇಡಿ. ಅದರ ಕೆಳಗೆ, ಕರು ಹಾಕಿದ ಮೇಲೂ ಆರು ದಿನ ಬಳಸಬೇಡಿ. ಪಂಡಿತರು ತೆಗೆದದ್ದು ಈ ಎರಡನೇ ಸಾಲನ್ನು; ಸರಿ ಗುರುತು ಹಾಕಿದ್ದು ನಾನು.

"ಕಂಪನಿಯವರು ಕೇಳಿದ್ರೆ, ರೈತರು ಸರಿಯಾಗಿ ಓದಿಲ್ಲ ಅಂದ್ಬಿಡಿ" ಎಂದರು ಮ್ಯಾನೇಜರ್.

"ಓದಿದ್ದು ನನ್ನಕ್ಕ ಸಾರ್" ಎಂದೆ. ಅವರ ಎದುರಿಗೇ ಔಷಧಿ ಕಂಪನಿಗೆ ಫೋನ್ ಮಾಡಿ, ತಪ್ಪು ನನ್ನದು, ಮೊದಲು ಮಾರಾಟ ನಿಲ್ಲಿಸಿ ಎಂದು ಹೇಳಿದೆ. ಮ್ಯಾನೇಜರ್ ಎದ್ದು ಹೋದರು.

ಸಂಜೆ ಆಸ್ಪತ್ರೆಗೆ ಹೋದೆ. ಮಗು ಉಸಿರಾಡುತ್ತಿತ್ತು, ನಿದ್ದೆ ಹೋಗಿತ್ತು. ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈಯಲಿ, ಹೊಡೆಯಲಿ ಎಂದು ಕಾದೆ.

"ನೀನು ಮಾಡಿದ ಚೀಟಿ ಅಂತ," ಎಂದಳು ಅಕ್ಕ, ಮಗುವಿನ ಮೇಲಿಂದ ಕಣ್ಣು ತೆಗೆಯದೆ, "ದನದ ಡಾಕ್ಟರನ್ನೂ ಕೇಳ್ಲಿಲ್ಲ ಕಣೇ."