ಕಲ್ಲೇಶಪ್ಪನ ಕಾಲು ಮತ್ತು ಹಾಗಲಕಾಯಿ ರಸ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಬೆಳಗಾದರೆ ಸಾಕು, ಮನೆಮನೆಯಲ್ಲೂ ಮಗ್ಗದ ಸದ್ದು. ಕಲ್ಲೇಶಪ್ಪನ ಮಗ್ಗ ಮಾತ್ರ ಎರಡು ತಿಂಗಳಿಂದ ಸುಮ್ಮನಿತ್ತು. ಮಗ್ಗದ ಕೆಳಗಿನ ಕುಣಿಯೊಳಗೆ ಬರಿಗಾಲು ಇಳಿಬಿಟ್ಟು ನೇಯುವಾಗ, ತುಳಿಯುವ ಹಲಗೆಯ ಮೊಳೆ ಹೆಬ್ಬೆರಳಿಗೆ ನಾಟಿತ್ತು. ಪುಣ್ಯಾತ್ಮನಿಗೆ ಗೊತ್ತೇ ಆಗಲಿಲ್ಲ! ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದು ಎಷ್ಟು ಕಾಲವಾಗಿತ್ತೋ. ಗಾಯ ಮಾಯಲೇ ಇಲ್ಲ. ಎದುರಿನ ಮಗ್ಗದಲ್ಲಿ ಮಗ ಅಮರೇಶನ ಲಾಳಿ ಓಡುವುದು ಕೇಳಿಸಿದೊಡನೆ ಎದ್ದು ಹೋಗಿ ಅರ್ಧ ನೇಯ್ದ ಸೀರೆಯ ಮೇಲೆ ಕೈಯಾಡಿಸಿ ಬರುತ್ತಿದ್ದ. ಮತ್ತೆ ಮಗ್ಗಕ್ಕೆ ಕೂರಬೇಕು ಎಂಬುದೊಂದೇ ಅವನ ಹಂಬಲ.

ಒಂದು ದಿನ ಆಶಾ ಕಾರ್ಯಕರ್ತೆ ಪ್ರೇಮಲತಾ ಬಂದವಳು ಗಾಯ ನೋಡಿ ಗಾಬರಿಯಾದಳು.

"ಕಲ್ಲೇಶಣ್ಣ, ಮಾತ್ರೆ ತಗೊಂತಿದೀರಾ?"

"ಬಿಟ್ಟು ನಾಲ್ಕು ತಿಂಗಳಾತು ಕಣವ್ವ. ದಿನಾ ಒಂದು ಲೋಟ ಹಾಗಲಕಾಯಿ ರಸ ಕುಡೀತೀನಿ. ರೇಷ್ಮೆಗೆ ಬಣ್ಣ ಹಾಕಾದು ನೋಡಿಲ್ವಾ? ಕೆಂಪಿನ ಮೇಲೆ ಕಪ್ಪು ಹಾಕಿದ್ರೆ ಕೆಂಪು ಉಳೀತೈತಾ? ಹಂಗೇ ಕಹಿ ಬಿದ್ರೆ ಸಕ್ಕರೆ ಸಾಯ್ತೈತೆ."

"ಆ ಧೈರ್ಯದ ಮೇಲೆ ನಿನ್ನೆ ನಾಲ್ಕು ಹೋಳಿಗೆ ಇಳಿಸಿದ್ರು ನೋಡವ್ವ!" ಎಂದು ಹೆಂಡತಿ ಸುಲೋಚನಮ್ಮ ಒಳಗಿಂದಲೇ ಕೂಗಿದಳು.

ಪ್ರೇಮಲತಾ ಅವನ ಕೈಬೆರಳಿಗೆ ಸೂಜಿ ಚುಚ್ಚಿ ನೋಡಿದಳು. ಸಕ್ಕರೆ ಮುನ್ನೂರ ಹದಿನೆಂಟಕ್ಕೆ ಏರಿತ್ತು!

"ನಿನ್ನ ಮಿಷಿನ್ನು ಕೆಟ್ಟೈತೆ."

"ಮಿಷಿನ್ನು ನೆಟ್ಟಗೈತಣ್ಣ. ಹಾಗಲ, ಮೆಂತ್ಯ, ನೇರಳೆ ಬೀಜದಾಗೆ ಸಕ್ಕರೆ ಇಳಿಸಾಕೆ ನೆರವಾಗೋ ಅಂಶ ಐತೆ ಅಂತಾರೆ, ಅದರ ಮೇಲೆ ಇನ್ನೂ ಸಂಶೋಧನೆ ನಡೀತೈತೆ. ಆದ್ರೆ ಮಾತ್ರೆ ಕೆಲ್ಸಾನ ಅದು ಮಾಡಲ್ಲ. ಉದ್ದೆಳೆ ಹಾಸು ಇಲ್ದೆ ಬರೀ ಅಡ್ಡೆಳೆ ಹೊಕ್ಕು ಎಳೆದು ಸೀರೆ ನೇಯ್ತೀರಾ? ಡಾಕ್ಟ್ರು ಬರೆದ ಮಾತ್ರೆ ಹಾಸು. ನವಣೆ, ಸಾಮೆ, ಕಾಳು, ಸೊಪ್ಪು, ಹಾಗಲದ ಪಲ್ಯ ಹೊಕ್ಕು."

"ಹಂಗಾದ್ರೆ ರಸಾನೂ ಕುಡೀತೀನಿ, ಮಾತ್ರೆನೂ ನುಂಗ್ತೀನಿ ಬಿಡು."

"ಡಾಕ್ಟ್ರನ್ನ ಕೇಳ್ದೆ ಹಂಗೂ ಮಾಡ್ಬೇಡಿ. ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬಿದ್ದೀರಿ. ಮೊದ್ಲು ಆಸ್ಪತ್ರೆಗೆ ನಡೀರಿ. ಈ ಗಾಯ ಹಿಂಗೇ ಬಿಟ್ರೆ ಬೆರಳು ಹೋಗ್ಬೋದು, ಆಮೇಲೆ ಪಾದ."

ಕಲ್ಲೇಶಪ್ಪನ ಕಣ್ಣು ತುಂಬಿತು. "ಮಗ್ಗ ಇಲ್ದಿದ್ರೆ ನಾನು ಇದ್ದೂ ಸತ್ತಂಗೆ ಕಣವ್ವ. ನಡಿ, ಈಗ್ಲೇ ಹೋಗಾನ."

ಮಾತ್ರೆ ಮತ್ತೆ ಶುರುವಾಯಿತು, ಗಾಯಕ್ಕೆ ದಿನಾ ಪಟ್ಟಿ ಬಿತ್ತು. ಸುಲೋಚನಮ್ಮ ಬಿಳಿ ಅನ್ನ ಕಡಿಮೆ ಮಾಡಿ ನವಣೆ ಅನ್ನ ಬಡಿಸಿದಳು. ಗೊಣಗಿಕೊಂಡೇ ಉಂಡ. ಮೂರು ತಿಂಗಳಿಗೆ ಗಾಯ ಮಾಯಿತು. ಚಪ್ಪಲಿ ಮೆಟ್ಟಿಕೊಂಡೇ ಕುಣಿಗೆ ಕಾಲು ಇಳಿಬಿಟ್ಟ. ಆದರೆ ಜೋಮು ಹೋಗಿರಲಿಲ್ಲ. ಕಾಲು ಹಲಗೆಯ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿ ತುಳಿಯಬೇಕಿತ್ತು. ಹಲಗೆ ತಾಗಿದ್ದು ಅಂಗಾಲಿಗೆ ಒಂದೇ ಒಂದು ಸಲ ತಿಳಿಯಬಾರದೇ ಎಂದು ಅವನ ಜೀವ ಹಂಬಲಿಸಿತು.

ಎದುರಿನ ಮಗ್ಗದಲ್ಲಿ ಮೂವತ್ತೆರಡು ವರ್ಷದ ಮಗ ಅಮರೇಶ ನೇಯುತ್ತಿದ್ದ. ಹೊಟ್ಟೆ ಆಗಲೇ ಮುಂದಕ್ಕೆ ಬಂದಿತ್ತು.

"ಲೇ ಅಮರೇಶ, ನಿಂಗೆ ಹಲಗೆ ತಾಗಾದು ಗೊತ್ತಾಗ್ತೈತಾ?"

"ಗೊತ್ತಾಗ್ತೈತೆ ಕಣಪ್ಪ. ಯಾಕೆ?"

"ಹಂಗಾದ್ರೆ ಈಗ್ಲೇ ಎದ್ದು ಹೋಗಿ ಸಕ್ಕರೆ ಪರೀಕ್ಷೆ ಮಾಡಿಸ್ಕೊಂಡು ಬಾ. ನನ್ನಂಗೆ ತಡ ಮಾಡ್ಬೇಡ."

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಮೂವತ್ತು ದಾಟಿದೆಯೇ? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ. ಹಾಗಲ, ಮೆಂತ್ಯ, ಸಿರಿಧಾನ್ಯ ತಟ್ಟೆಯಲ್ಲಿರಲಿ. ಡಾಕ್ಟರು ಹೇಳದೆ ಮಾತ್ರೆ ಬಿಡಬೇಡಿ. ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ನಿಮ್ಮ ಕಾಲಿಗೆ ನೆಲ ತಿಳಿಯುತ್ತಿರುವಾಗಲೇ ಹೊರಡಿ.