ಕೀ ಜೇಬಿನಲ್ಲಿ, ಅತ್ತೆ ಗಾಡಿಯಲ್ಲಿ

ನಮ್ಮ ಗಾಡಿಗೆ ಉಸಿರಾಡಲೂ ಪುರಸೊತ್ತಿಲ್ಲ. ಬ್ರೆಡ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ನನ್ನ ಗಂಡ ಬೆಳಿಗ್ಗೆ ಅದನ್ನು ಬೀದಿಯ ತಿರುವಿಗೆ ತಂದು ನಿಲ್ಲಿಸುತ್ತಾರೆ. ಔಷಧಿ ಗೋದಾಮಿನ ಕೆಲಸಕ್ಕೆ ಹೊರಟ ನಾನು ಅಲ್ಲೇ ಕಾದಿರುತ್ತೇನೆ. ಅವರು ಇಳಿಯುತ್ತಾರೆ, ನಾನು ಹತ್ತುತ್ತೇನೆ. ಎಂಜಿನ್ ಆರಿಸುವ ಮಾತೇ ಇಲ್ಲ. ನಮ್ಮ ಹಳೆಯ ಗಾಡಿ ಒಮ್ಮೆ ಆರಿಸಿದರೆ ಮತ್ತೆ ಏಳುವುದಕ್ಕೆ ರಗಳೆ ಮಾಡುತ್ತಿತ್ತು. ಆಗ ಅಂಟಿಕೊಂಡ ಅಭ್ಯಾಸ ಇದು. "ಹಾಲು ಕಾಯಿಸಿಟ್ಟಿದೀನಿ", "ಚಿಕ್ಕೋನಿಗೆ ಕೆಮ್ಮು ಇದೆ", "ಟೈರ್‌ಗೆ ಗಾಳಿ ಹಾಕಿಸು" ಎಂಬ ಮೂರು ಮಾತು ತೆರೆದ ಬಾಗಿಲಲ್ಲೇ ಮುಗಿಯುತ್ತವೆ. ಕೆಲವು ವಾರ ನಮ್ಮ ಸಂಸಾರದ ಮಾತುಕತೆಯೆಲ್ಲ ಆ ತಿರುವಿನಲ್ಲೇ ನಡೆದುಹೋಗುತ್ತದೆ.

ಹಳೆಯ ಗಾಡಿ ಹೋಗಿ ಅದಕ್ಕಿಂತ ಕೊಂಚ ಕಡಿಮೆ ಹಳೆಯದೊಂದು ಬಂದು, ಈ ಪ್ರಸಂಗ ನಡೆದಾಗ ಇನ್ನೂ ಒಂದು ವಾರವಾಗಿತ್ತು. ಇದರಲ್ಲಿ ಕೀ ತೂರಿಸಿ ತಿರುಗಿಸುವ ಜಾಗವೇ ಇಲ್ಲ. ಕೀ ಹತ್ತಿರ ಎಲ್ಲಾದರೂ, ಜೇಬಲ್ಲೋ ಚೀಲದಲ್ಲೋ ಇದ್ದರೆ ಸಾಕು. ಬ್ರೇಕ್ ತುಳಿದು ಗುಂಡಿ ಒತ್ತಿದರೆ ಶುರುವಾಗುತ್ತದೆ. ಸ್ಟೀರಿಂಗ್ ಹಿಂದೆ ಬಣ್ಣಬಣ್ಣದ ಚಿತ್ರಗಳು. ನನ್ನ ಗಂಡನಿಗೆ ಹೊಸ ಆಟಿಕೆ ಸಿಕ್ಕ ಖುಷಿ. ಭಾನುವಾರ ನನ್ನನ್ನೂ ಅತ್ತೆಯನ್ನೂ ಗಾಡಿಯಲ್ಲಿ ಕೂರಿಸಿ, ಗಾಡಿಯ ಜೊತೆ ಬಂದ ಪುಸ್ತಕ ತೆರೆದು ಪಾಠಕ್ಕೆ ನಿಂತರು.

"ಇದು ನೋಡಿ, ಎಂಜಿನ್ ಆಯಿಲ್ ದೀಪ."

"ಹೂಜಿ ಥರ ಇದೆಯಲ್ರೀ," ಎಂದೆ.

"ಇದು ಟೈರ್ ಗಾಳಿ."

"ಬಾಣಲೆ ಥರ ಇದೆ."

"ಇದು ಎಂಜಿನ್."

"ನಲ್ಲಿ."

ಹಿಂದೆ ಕೂತಿದ್ದ ಅತ್ತೆ ಕತ್ತು ಮುಂದೆ ಚಾಚಿದರು. ಅವರಿಗೆ ಚಿತ್ರಗಳು ಕಾಣುತ್ತಿರಲಿಲ್ಲ, ಬಣ್ಣ ಮಾತ್ರ ಮಸುಕಾಗಿ ಕಾಣುತ್ತಿತ್ತು. "ಏನೋ ಪುಟ್ಟಾ, ಹೂಜಿ, ಬಾಣಲೆ, ನಲ್ಲಿ... ಗಾಡಿ ತಂದಿದೀಯೋ ಅಡುಗೆಮನೆ ತಂದಿದೀಯೋ?"

ನಾನು ನಕ್ಕೆ. ಮೇಷ್ಟ್ರು ಮುಖ ಗಂಟು ಹಾಕಿಕೊಂಡು ಪಾಠ ಮುಂದುವರಿಸಿದರು. ವಾರವಿಡೀ ನಿಂತು ಪೆಟ್ಟಿಗೆ ಕಟ್ಟಿದ ಮೈ ನನ್ನದು. ಮೆತ್ತನೆಯ ಸೀಟು ಸಿಕ್ಕಿದ್ದೇ ನಿದ್ದೆ ಹತ್ತಿತು. ಕೀಯ ಅಧ್ಯಾಯ ಬಂದಾಗ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಅತ್ತೆ ಅದನ್ನು ಆಮೇಲೆ ಎಲ್ಲರಿಗೂ ಅಭಿನಯಿಸಿ ತೋರಿಸಿದರು.

ಅತ್ತೆಯ ವಿಷಯ ಹೇಳಬೇಕು. ಶಾಲೆಯ ಸಮವಸ್ತ್ರ ಹೊಲಿದು ಹೊಲಿದೇ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿನದು ಗಟ್ಟಿಯಾಗುತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮೊಮ್ಮಗಳ ಪಾಲಿಗೆ ಬಂದಿತ್ತು. ಆದರೂ ಹೊಲಿಗೆ ಬಿಡಲಿಲ್ಲ. ಹೋದ ತಿಂಗಳು ಅವಳ ಲಂಗದ ಜೇಬಿನ ಬಾಯಿಯನ್ನೇ ಹೊಲಿದುಬಿಟ್ಟಿದ್ದರು. ತೋರಿಸಿದರೆ, "ಕಳ್ಳರ ಕಾಲ, ಭದ್ರವಾಗಿರಲಿ ಅಂತ" ಎಂದರು.

ಆಪರೇಷನ್ ಅಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ನೆಪ ಹುಟ್ಟಿಕೊಳ್ಳುತ್ತಿತ್ತು. ಮೊದಲ ಸಲ ದಿನ ಕೊಟ್ಟಾಗ ನೆಗಡಿ ಬಂತು. ಎರಡನೆಯ ಸಲ ಚಪ್ಪಲಿ ಕಚ್ಚಿತು. ಕಣ್ಣಾಸ್ಪತ್ರೆಯವರು ಈ ಸಲ ಖಡಾಖಂಡಿತವಾಗಿ ಹೇಳಿದ್ದರು: ಹತ್ತು ಗಂಟೆಯೊಳಗೆ ಬರದಿದ್ದರೆ ಹೆಸರು ಸಾಲಿನ ಕೊನೆಗೆ ಹೋಗುತ್ತದೆ, ಮತ್ತೆ ಯಾವ ಕಾಲಕ್ಕೋ ಗೊತ್ತಿಲ್ಲ, ಅಷ್ಟರಲ್ಲಿ ಬಲಗಣ್ಣಿನ ಆಪರೇಷನ್ ಇನ್ನೂ ಕಷ್ಟವಾಗಬಹುದು. ಅದಕ್ಕೇ ಆ ಬೆಳಿಗ್ಗೆ ನಾನು ಗೋದಾಮಿಗೆ ರಜೆ ಹಾಕಿ, ಅತ್ತೆಯ ಕೈ ಹಿಡಿದು ತಿರುವಿನಲ್ಲಿ ನಿಂತಿದ್ದೆ.

ಗಂಡ ಬಂದರು. ಕಣ್ಣು ನಿದ್ದೆಯಲ್ಲಿ ಮುಳುಗಿತ್ತು, ಹುಬ್ಬಿನ ಮೇಲೆ ಹಿಟ್ಟು. "ನಾನೂ ಬರ್ತೀನಿ ಕಣಮ್ಮ" ಎಂದರು.

"ನೀನು ಬಂದ್ರೆ ನಿನ್ನ ನೋಡ್ಕೊಳ್ಳೋಕೆ ಇನ್ನೊಬ್ರು ಬೇಕು. ಹೋಗಿ ಮಲ್ಕೋ," ಎಂದು ಅತ್ತೆ ಅಟ್ಟಿದರು. ಅವರು ಇಳಿದರು, ನಾವು ಹತ್ತಿದೆವು. ಎಂದಿನ ಹಾಗೆ ಎಂಜಿನ್ ಓಡುತ್ತಲೇ ಇತ್ತು. ಎಂದಿನ ಹಾಗೆ ನಾನು ಹೊರಟೆ.

ಬೀದಿಯ ಕೊನೆ ಮುಟ್ಟುವ ಮೊದಲೇ ಗಾಡಿ ಪೀ ಪೀ ಎಂದು ಕೂಗಿತು. ಸ್ಕ್ರೀನ್ ಮೇಲೆ ಹಳದಿ ಬಣ್ಣದ್ದೊಂದು ಮಿಣುಕಿತು. ಎದುರಿಗೆ ಲಾರಿ ಬರುತ್ತಿತ್ತು, ಚಿತ್ರ ಏನೆಂದು ನಾನು ನೋಡಲಿಲ್ಲ.

"ಏನೋ ಕೂಗ್ತಲ್ಲೇ," ಎಂದರು ಅತ್ತೆ.

"ಏನಿಲ್ಲ ಅತ್ತೆ. ಬೆಲ್ಟ್ ಸರಿಯಾಗಿ ಹಾಕಿದೀರಾ?"

"ಉಸಿರು ಕಟ್ಟೋ ಹಾಗೆ ಹಾಕಿದೀನಿ."

ಮತ್ತೆ ಕೂಗಿತು. ಎರಡು ಮಕ್ಕಳ ತಾಯಿಯಾದ ಮೇಲೆ ಕೂಗಾಟ ಕಿವಿಗೆ ಬೀಳದಂತೆ ಬದುಕುವುದನ್ನು ನಾನು ಕಲಿತಿದ್ದೇನೆ. ಅತ್ತೆ ಕಲಿತಿರಲಿಲ್ಲ. ಹೊಲಿಗೆ ಮೆಷಿನ್ನಿನಲ್ಲಿ ಟಿಕ್ ಎಂದರೂ ಕಾಲು ತೆಗೆದು ನಿಲ್ಲಿಸುವ ಜೀವ ಅದು.

"ನೋಡೇ, ಗಾಡಿಗೇ ಇಷ್ಟ ಇಲ್ಲ. ವಾಪಸ್ ಹೋಗಿಬಿಡೋಣ. ಮುಂದಿನ ಸಲ ಶಾಂತವಾಗಿ ಹೋದ್ರಾಯ್ತು."

"ಗಾಡಿ ಹಾಗಂತಾ? ನನಗೆ ಬರೀ ಪೀ ಅಂತ ಕೇಳಿಸ್ತು."

"ಹಿಂದಿನ ಬಾಗಿಲು ತೆಗೆದಿರ್ಬೇಕು. ಗಾಳಿ ಬರ್ತಿದೆ ನನಗೆ."

"ಕಿಟಕಿ ತೆಗೆದಿದೆ ಅತ್ತೆ."

"ಬಾಗಿಲೇ. ನಾನೇನು ಕಣ್ಣಲ್ಲಿ ಹೇಳ್ತಿದೀನಾ, ಕಿವಿಯಲ್ಲಿ ಹೇಳ್ತಿದೀನಿ. ನಿಲ್ಲಿಸಿ ನೋಡು."

ಮತ್ತೂ ಎರಡು ತಿರುವು ಇದೇ ಮಾತು. ಕೊನೆಗೆ ತಡೆಯಲಾರದೆ ಬಸ್‌ಸ್ಟಾಪಿನ ಮುಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ರಸ್ತೆಬದಿ ಇಳಿಯುವಾಗ ಎಂಜಿನ್ ಆರಿಸಿ ಇಳಿ ಎಂದು ಡ್ರೈವಿಂಗ್ ಕಲಿಸಿದವರು ತಲೆಗೆ ತುಂಬಿದ್ದರು; ಕೈ ತಾನಾಗಿಯೇ ಹೋಗಿ ಗುಂಡಿ ಒತ್ತಿತು. ಇಳಿದೆ. ನಾಲ್ಕೂ ಬಾಗಿಲು ತೆಗೆದು ತೆಗೆದು ಹಾಕಿದೆ, ಡಿಕ್ಕಿಯನ್ನೂ ಗುದ್ದಿ ನೋಡಿದೆ. ಎಲ್ಲ ಭದ್ರ. ಒಳಗೆ ಬಂದು ಬ್ರೇಕ್ ತುಳಿದು ಗುಂಡಿ ಒತ್ತಿದೆ.

ಉಸಿರಿಲ್ಲ.

ಮತ್ತೆ ಒತ್ತಿದೆ. ಸ್ಕ್ರೀನಿನಲ್ಲಿ ಈಗ ಬಿಡಿಸಿ ಬರೆದಂತೆ ಕೀಯ ಚಿತ್ರ, ಅದರ ಪಕ್ಕ ಪ್ರಶ್ನಾರ್ಥಕ, ಕೆಳಗೆ ಒಂದು ಸಾಲು: ಕೀ ಕಾಣುತ್ತಿಲ್ಲ. ಎಲ್ಲಿ ಕಾಣಬೇಕು? ಹಳೆಯ ಗಾಡಿಯ ಕೀ ಅದರ ತೂತಿನಲ್ಲೇ ನೇತಾಡುತ್ತಿತ್ತು, ಗಾಡಿಯ ಜೊತೆ ಅದೂ ಕೈ ಬದಲಾಯಿಸುತ್ತಿತ್ತು. ಇದರ ಕೀ ನನ್ನ ಗಂಡನ ಪ್ಯಾಂಟಿನ ಜೇಬಲ್ಲಿ ಮನೆಗೆ ಹೋಗಿ, ಬಹುಶಃ ಅವರ ಜೊತೆಗೇ ಮಲಗಿತ್ತು. ಈ ಗಾಡಿ ಬಂದ ವಾರವಿಡೀ ನಾನು ತಿರುವಿನಲ್ಲಿ ಕೈ ಚಾಚಿ ಕೀ ಇಸಿದುಕೊಂಡವಳೇ. ಈ ಹೊತ್ತು ಎರಡೂ ಕೈಯಲ್ಲಿ ಅತ್ತೆ ಇದ್ದರು.

ವಿಷಯ ಹೇಳಿದೆ. ಅತ್ತೆ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ ಪಾಪ, ಹಾಗಾದ್ರೆ ಹೋಗೋಕಾಗಲ್ವಲ್ಲ," ಎಂದರು. ಶಾಲೆಗೆ ರಜೆ ಎಂದು ಕೇಳಿದ ಹುಡುಗಿಯ ದನಿ.

ಗಂಡನಿಗೆ ಫೋನ್ ಮಾಡಿದೆ. ಹೊಡೆದುಕೊಂಡೇ ಹೋಯಿತು, ಮಲಗುವಾಗ ಅವರು ಅದರ ಬಾಯಿ ಮುಚ್ಚಿಸಿಯೇ ಮಲಗುವುದು. ಕೆಳಗಿನ ಮನೆಯ ಬಡಗಿಗೆ ಮಾಡಿದೆ. "ನಾನು ಹೋಗಿ ಬಾಗಿಲು ಬಡೀತೀನಿ. ಏಳಲಿಲ್ಲ ಅಂದ್ರೆ ಬಾಗಿಲೇ ಬಿಚ್ಚಿಬಿಡ್ತೀನಿ, ನನಗೇನು ಕಷ್ಟ?" ಎಂದ. ಟ್ಯಾಕ್ಸಿ ಹಿಡಿಯೋಣವೆಂದರೆ ಕೀ ಇಲ್ಲದೆ ಗಾಡಿಗೆ ಬೀಗ ಹಾಕುವಂತಿಲ್ಲ. ಬಸ್ಸಿನ ಜಾಗದಲ್ಲಿ ಬಿಟ್ಟು ಹೋದರೆ ಎಳೆದುಕೊಂಡು ಹೋಗುತ್ತಾರೆ. ಪೊರೆ ಮುಚ್ಚಿದ ಕಣ್ಣಿನ ಹೆಂಗಸನ್ನು ಒಬ್ಬರನ್ನೇ ಕಳಿಸುವುದೂ ಹೇಗೆ? ಬೇರೇನೂ ತೋಚದೆ ಮುಂದಿನ ಡಬ್ಬಿಯಿಂದ ಗಾಡಿಯ ಪುಸ್ತಕ ತೆಗೆದೆ.

"ಓದು, ಓದು. ಭಾನುವಾರದ ಬಾಕಿ ಪಾಠ," ಎಂದರು ಅತ್ತೆ. "ಅವತ್ತು ನಿನ್ನ ಗೊರಕೇಲಿ ನನಗೂ ಏನೂ ಕೇಳಿಸ್ಲಿಲ್ಲ. ಜೋರಾಗಿ ಓದು."

ಓದಿದೆ. "ಕೆಂಪು ದೀಪ ಬಂದ್ರೆ ತಕ್ಷಣ ನಿಲ್ಲಿಸ್ಬೇಕು. ಹಸಿರು, ನೀಲಿ ಬಂದ್ರೆ ಯಾವುದೋ ಲೈಟು ಉರೀತಿದೆ ಅಂತ, ಅಷ್ಟೇ. ಹಳದಿ ಬಂದ್ರೆ ಸದ್ಯಕ್ಕೆ ಓಡಿಸಬಹುದು, ಆದ್ರೆ ಬೇಗ ತೋರಿಸ್ಬೇಕು. ಸುಮ್ನೆ ಬಿಟ್ರೆ ಕೆಡುತ್ತೆ."

"ಆಗ ಬಂದಿದ್ದು ಯಾವ ಬಣ್ಣ?"

"ಹಳದಿ."

"ಅಂದ್ರೆ ನಿಲ್ಲಿಸೋ ಅವಶ್ಯಕತೇನೇ ಇರ್ಲಿಲ್ಲ!"

"ಇರ್ಲಿಲ್ಲ. ಬಾಗಿಲು, ಬಾಗಿಲು ಅಂತ ಯಾರೋ ಜೀವ ತಿಂದ್ರು."

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ತಡವುತ್ತ ಕೂತರು. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಅವರ ಬೆರಳಿಗೆ ಈಗಲೂ ತಿಳಿಯುತ್ತದೆ.

"ನನ್ನ ಕಣ್ಣಿಗೂ ಮೂರು ವರ್ಷದಿಂದ ಹಳದಿ ದೀಪಾನೇ ಅಂತೀಯಾ?"

"ನಾನೇನೂ ಅಂದಿಲ್ಲಪ್ಪ. ಪುಸ್ತಕ ಓದಿದೆ."

"ನಿನಗೇನು ಗೊತ್ತು?" ಎಂದರು, ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ನಿದ್ದೆ ಬರಿಸಲ್ವಂತೆ. ಎಚ್ಚರ ಇರುವಾಗ್ಲೇ ಮಾಡ್ತಾರಂತೆ. ಜೀವಮಾನ ಎಲ್ಲ ಸೂಜಿ ಹಿಡಿದೋಳು ನಾನು. ಅದು ಏನು ಮಾಡುತ್ತೆ ಅಂತ ನನಗೆ ಗೊತ್ತು. ಅದೇ ಸೂಜಿ ಕಣ್ಣಿನ ಹತ್ರ ಬರೋದನ್ನ ನಾನು ಹೇಗೇ ನೋಡ್ಲಿ?"

ಇಷ್ಟು ದಿನದ ನೆಗಡಿ, ಚಪ್ಪಲಿ, ಬಾಗಿಲು ಎಲ್ಲವೂ ಇದೇ ಎಂದು ಆಗ ತಿಳಿಯಿತು. ಕೈ ಹಿಡಿದು ಸಮಾಧಾನದ ಮಾತಾಡಬೇಕಿತ್ತು. ಆದರೆ ನನಗೂ ಅವರಿಗೂ ಆ ಭಾಷೆ ಅಭ್ಯಾಸವಿಲ್ಲ.

"ನೋಡ್ತೀರಾ? ಎದುರಿಗೆ ಇರೋದು ಮರವೋ ಕಂಬವೋ ಅಂತ ಹೇಳಿ ನೋಡೋಣ."

ಅತ್ತೆ ಕಣ್ಣು ಕಿರಿದು ಮಾಡಿದರು. "ಕಂಬ."

"ಬಸ್ಸಿಗೆ ಕಾಯ್ತಾ ನಿಂತಿರೋ ಮನುಷ್ಯ ಅತ್ತೆ. ಅವನೇ ಕಾಣಿಸ್ಲಿಲ್ಲ, ಇನ್ನು ಸೂಜಿ ಎಲ್ಲಿ ಕಾಣಿಸುತ್ತೆ ನಿಮಗೆ?"

ಅತ್ತೆಯ ಹೊಟ್ಟೆ ಕುಲುಕತೊಡಗಿತು. ಕಂಬದಂಥ ಮನುಷ್ಯ ನಮ್ಮ ಕಡೆ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. "ಹಾಳಾದವಳೇ, ಬಾಯಿಗೆ ಒಂದು ಹೊಲಿಗೆ ಹಾಕ್ಬೇಕು ನಿನಗೆ," ಎಂದು ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಹಿಂದೆ ಬಸ್ಸೊಂದು ಬಂದು ಹಾರ್ನ್ ಒತ್ತಿ ಹಿಡಿಯಿತು. ನಾವು ಕದಲದ್ದನ್ನು ನೋಡಿ ಚಾಲಕನೇ ಇಳಿದು ಬಂದ.

"ಏನಮ್ಮಾ, ಇದು ನಿಮ್ಮ ಮನೆ ಅಂಗಳಾನಾ? ತೆಗೀರಿ ಗಾಡಿ!"

"ಶುರು ಆಗ್ತಿಲ್ಲಣ್ಣ, ಕೀ ಇಲ್ಲ."

"ಕೀ ಇಲ್ದೆ ಇಲ್ಲೀವರೆಗೆ ಹೆಂಗೆ ಬಂದ್ರಿ?"

"ಅದೇ ನಮಗೂ ಆಶ್ಚರ್ಯ," ಎಂದರು ಅತ್ತೆ. ಬೆಲ್ಟಿನ ಗುಂಡಿಯನ್ನು ತಡಕಿ ಬಿಚ್ಚಿಕೊಂಡರು. "ಅಪ್ಪಾ, ನಿನ್ನ ಬಸ್ಸು ಕಣ್ಣಾಸ್ಪತ್ರೆ ಮುಂದೆ ಹೋಗುತ್ತಾ?"

"ಹೋಗುತ್ತಜ್ಜಿ, ಬಾಗಿಲ ಮುಂದೇನೇ ಸ್ಟಾಪು."

"ಅತ್ತೆ, ಒಬ್ಬರೇನಾ?" ಎಂದೆ.

"ಒಬ್ಬಳೇ ಎಲ್ಲೇ? ಬಸ್ಸು ತುಂಬಾ ಜನ ಇದಾರೆ. ನೀನು ಗಾಡಿ ಕಾಯ್ತಿರು. ಹಳದಿ ದೀಪ ಸುಮ್ನೆ ಬಿಟ್ರೆ ಕೆಡುತ್ತಂತೆ, ಈಗ ತಾನೇ ಯಾರೋ ಓದಿದ್ರು."

ಚಾಲಕನ ತೋಳು ಹಿಡಿದು ನಡೆದರು. ಬಸ್ಸಿನ ಮೆಟ್ಟಿಲನ್ನು ಕಾಲಲ್ಲಿ ಹುಡುಕಿದರು, ಮೇಲಿಂದ ಯಾರೋ ಕೈ ಕೊಟ್ಟರು. ತಿರುಗಿ ಕೈ ಬೀಸಿದರು. ನನ್ನ ಕಡೆಗಲ್ಲ, ಬೇರೆ ಬಸ್ಸಿಗಾಗಿ ಇನ್ನೂ ನಿಂತಿದ್ದ ಕಂಬದಂಥ ಮನುಷ್ಯನ ಕಡೆಗೆ. ಅವನೂ ಪಾಪ, ಬೀಸಿದ.

ಬಸ್ಸು ಮರೆಯಾದ ಮೇಲೆ ನನಗೆ ಯೋಚನೆ ಹತ್ತಿತು. ಸ್ಟಾಪ್ ತಪ್ಪಿಸಿಕೊಂಡರೆ? ಬಾಗಿಲವರೆಗೆ ಹೋಗಿ ಹೆದರಿ ವಾಪಸ್ ಬಸ್ ಹತ್ತಿದರೆ? ಗಂಡ ಬಂದಾಗ ನಾನು ಗಾಡಿಯ ಸುತ್ತ ಸುತ್ತುತ್ತಿದ್ದೆ. ಬಡಗಿಯ ಸೈಕಲ್ ತುಳಿದುಕೊಂಡು ಬಂದಿದ್ದರು. ಕಾಲಲ್ಲಿ ಒಂದು ಅವರ ಚಪ್ಪಲಿ, ಇನ್ನೊಂದು ನನ್ನದು. ಅವರು ಹತ್ತಿರ ಬಂದದ್ದೇ ಬಾಗಿಲ ಹಿಡಿ ಮುಟ್ಟಿದೆ, ಗಾಡಿ ಟುಂಯ್ ಎಂದು ದೀಪ ಮಿನುಗಿಸಿತು.

"ನೀವು ಬಂದ್ರಿ ಅಂತ ಇದಕ್ಕೆ ಎಷ್ಟು ಸಂತೋಷ ನೋಡ್ರೀ. ನನಗಂತೂ ಇಲ್ಲ."

"ಅಮ್ಮ ಎಲ್ಲಿ?"

"ಬಸ್ಸಲ್ಲಿ ಹೋದ್ರು."

"ಅಮ್ಮಾನಾ? ಆಸ್ಪತ್ರೆಗಾ? ತಾನಾಗೇನಾ?" ಮೂರೂ ಪ್ರಶ್ನೆಗೆ ಉತ್ತರ ಕೊಡುವ ಹೊತ್ತಿಗೆ ಸೈಕಲ್ಲು ಡಿಕ್ಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಕೂತಿತ್ತು. ದಾರಿಯುದ್ದಕ್ಕೂ ಗಾಡಿ 'ಡಿಕ್ಕಿ ತೆರೆದಿದೆ' ಎಂದು ಕೂಗುತ್ತಲೇ ಬಂತು.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಹಸಿರು ಟೋಪಿಯ ನರ್ಸ್ ನಮ್ಮನ್ನು ತಡೆದಳು. "ಆ ಅಜ್ಜಿ ಕಡೆಯೋರಾ? ಒಳಗೆ ಕರ್ಕೊಂಡು ಹೋಗಿ ಆಯ್ತು. ಜೊತೆಗೆ ಯಾರೂ ಇಲ್ವಾ ಅಂದ್ರೆ, ಸೊಸೆ ರಸ್ತೇಲಿ ನಿಂತಿದಾಳೆ, ಮಗ ಮಲಗಿದಾನೆ, ನಾನೊಬ್ಬಳೇ ಓಡಾಡೋ ಸ್ಥಿತೀಲಿ ಇರೋದು ಅಂದ್ರು."

ನನ್ನ ಗಂಡ ಬೆಂಚಿನ ಮೇಲೆ ಕೂತದ್ದೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋದರು. ನಾನು ಆ ಬಾಗಿಲನ್ನೇ ನೋಡುತ್ತ ಕೂತೆ. ಒಳಗಿನಿಂದ ಒಂದು ಸದ್ದೂ ಇಲ್ಲ. ಅತ್ತೆ ಇರುವ ಕೋಣೆಯಲ್ಲಿ ಅಷ್ಟು ಮೌನವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಮ್ಮೆಯಾದರೂ ಬೈಯಲಿ ಎಂದು ಕಿವಿಗೊಟ್ಟು ಕಾದೆ.

ಬಾಗಿಲು ತೆರೆಯಿತು. ನರ್ಸಿನ ಕೈ ಹಿಡಿದು ಅತ್ತೆ ಬಂದರು. ಬಲಗಣ್ಣಿಗೆ ಬಿಳಿಯ ಮುಚ್ಚಳ.

"ಆಯ್ತಾ ಅತ್ತೆ?"

"ಯಾವಾಗ್ಲೋ ಆಯ್ತಂತೆ. ಇನ್ನೂ ಶುರುವೇ ಮಾಡಿಲ್ಲ ಅನ್ಕೊಂಡು ಬೇಗ ಮಾಡಿ ಅಂತ ಅವಸರ ಮಾಡ್ತಾ ಮಲಗಿದ್ದೆ. ಎದ್ದೇಳಿ ಅಜ್ಜಿ ಅಂದ್ರು. ಮರ್ಯಾದೆ ಹೋಯ್ತು." ಮಗನ ಕಡೆ ಎಡಗಣ್ಣು ಕಿರಿದು ಮಾಡಿ, "ಇವನು ಯಾಕೆ ಬಾಯಿ ತೆಗೆದು ಮಲಗಿದಾನೆ, ಇವನಿಗೂ ಮಾಡಿದ್ರಾ?" ಎಂದರು.

"ಎಡಗಣ್ಣಿಗೆ ಯಾವಾಗ ಬರಬೇಕಂತೆ?" ಎಂದು ನರ್ಸನ್ನು ಕೇಳಹೊರಟೆ.

"ಅವಳನ್ನ ಯಾಕೆ ಕೇಳ್ತೀಯಾ? ನಾನೇ ಡಾಕ್ಟರ ಹತ್ರ ದಿನ ಗೊತ್ತು ಮಾಡ್ಕೊಂಡು ಬಂದೆ. ನೀನು ಆ ದಿನ ರಜೆ ಹಾಕ್ಬೇಡ. ನಾನು ಬಸ್ಸಲ್ಲಿ ಬರ್ತೀನಿ, ನೀವಿಬ್ರೂ ಗಾಡಿ ನೋಡ್ಕೊಂಡಿರಿ."

ಅಷ್ಟು ಹೇಳಿ ಮುಂದೆ ನಡೆದವರು ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತರು. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರು. ನಾನು ಹಿಡಿದುಕೊಂಡೆ. ಕೆಳಗೆ ಇಳಿಯುವವರೆಗೂ ಬಿಡಲಿಲ್ಲ, ಅವರೂ.